ಬಿಸಿಲು ಗಟ್ಟಿ ಮಾಡುತ್ತದೆ ಎನ್ನುವವರಿಗೆ, ಗುಳಿಗೆ ನುಂಗಿ ಎನ್ನುವವರಿಗೆ

ಜೀವಕೋಶಕ್ಕೆ ಬೀಳುವ ಪೆಟ್ಟಿಗೂ ನಮ್ಮ ಮುಪ್ಪಿಗೂ ಇರುವ ನಂಟಿನ ಬಗ್ಗೆ ನಾನು ಬರೆದದ್ದನ್ನು ಓದಿ ಎರಡು ಬಣದವರು ಸಿಟ್ಟಾಗಿದ್ದಾರೆ. ಒಂದು ಬಣ ವಿಜಯಪುರ ಜಿಲ್ಲೆಯ ನಮ್ಮ ಕೊಲ್ಹಾರದ್ದೇ. ಬಿಸಿಲು, ಬರ, ಉಪವಾಸ, ಆಲಮಟ್ಟಿಯ ಮುಳುಗಡೆ ಎಲ್ಲ ಸೇರಿ ನಮ್ಮನ್ನು ಗಟ್ಟಿ ಮಾಡಿವೆ, ಅದಕ್ಕೇ ಹಿರಿಯರು ನೂರು ವರ್ಷ ಬಾಳಿದರು ಎಂಬುದು ಅವರ ವಾದ. ಇನ್ನೊಂದು ಬಣಕ್ಕೆ ಊರಿಲ್ಲ. ಅದು ಔಷಧಿ ಅಂಗಡಿಯಲ್ಲೂ ಮೊಬೈಲಿನಲ್ಲೂ ಇದೆ. ಪೆಟ್ಟೇ ಬೀಳದ ಹಾಗೆ ದಿನಕ್ಕೊಂದು ಗುಳಿಗೆ ನುಂಗಿದರೆ ಮುಪ್ಪು ಹತ್ತಿರ ಸುಳಿಯುವುದಿಲ್ಲ ಎಂದು ಅದು ಹೇಳುತ್ತದೆ. ಮೇಲ್ನೋಟಕ್ಕೆ ಇಬ್ಬರೂ ಎದುರುಬದುರು ನಿಂತವರು. ನನ್ನ ಲೆಕ್ಕದಲ್ಲಿ ಇಬ್ಬರ ತಪ್ಪೂ ಒಂದೇ.

ನಾನು ಹೇಳಿದ್ದು ಇಷ್ಟು. ಬಿಸಿ, ಹಸಿವು, ಆಮ್ಲಜನಕದ ಉರಿ ತಾಗಿದಾಗ ಜೀವಕೋಶ ಸುಮ್ಮನೆ ಕೂಡುವುದಿಲ್ಲ. ಹಾಳಾದ ಪ್ರೋಟೀನನ್ನು ನೆಟ್ಟಗೆ ಮಾಡುವ, ನೆಟ್ಟಗಾಗದ್ದನ್ನು ಒಡೆದು ಹಾಕುವ, ಡಿಎನ್‌ಎ ಸೀಳನ್ನು ಹೊಲಿಯುವ ಕೆಲಸಕ್ಕೆ ಇಳಿಯುತ್ತದೆ. ಪೆಟ್ಟು ಚಿಕ್ಕದಿದ್ದು, ಆಮೇಲೆ ಬಿಡುವು ಸಿಕ್ಕರೆ ಈ ದುರಸ್ತಿ ಹಳೆಯ ಕಸವನ್ನೂ ಸ್ವಲ್ಪ ತೆಗೆದುಕೊಂಡು ಹೋಗುತ್ತದೆ. ಪೆಟ್ಟು ದೊಡ್ಡದಾದರೆ, ಅಥವಾ ಬಿಡುವೇ ಇಲ್ಲದಿದ್ದರೆ, ಕೋಶ ಸಾಯುತ್ತದೆ. ಇಲ್ಲವೆ ಒಡೆದು ಎರಡಾಗುವುದನ್ನು ನಿಲ್ಲಿಸಿ, ಅಕ್ಕಪಕ್ಕದ ಕೋಶಗಳಿಗೂ ಉರಿಯೂತ ಹಬ್ಬಿಸುತ್ತ ಕೂಡುತ್ತದೆ. ಎತ್ತು ಗಳೇವು ಹೊಡೆದು ಬಲಿಯುವುದು ನಿಜ. ಆದರೆ ಕೊರಳು ಬಿಚ್ಚಿ, ನೀರು ತೋರಿಸಿ, ಮೇವು ಹಾಕುವವನಿದ್ದರೆ ಮಾತ್ರ. ನನ್ನ ಒಂದು ಬಣದ ವಿರೋಧಿಗಳು ಗಳೇವನ್ನಷ್ಟೇ ಹೊಗಳುತ್ತಿದ್ದಾರೆ, ಇನ್ನೊಂದು ಬಣದವರು ಎತ್ತನ್ನು ಕೊಟ್ಟಿಗೆಯಿಂದ ಹೊರಗೆ ಬಿಡಬೇಡಿ ಎನ್ನುತ್ತಿದ್ದಾರೆ.

ಇನ್ನು ಆಕ್ಷೇಪಗಳಿಗೆ ಬರೋಣ.

“ಹುಳಕ್ಕ ಆಗಿದ್ದು ಮನಷ್ಯಾಗ ಆಗ್ತದೇನ್ರಿ?”

ಒಬ್ಬ ಹಿರಿಯರು ಕೇಳಿದ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಇದು ಹುಳದಿಂದ ಶುರುವಾದದ್ದಲ್ಲ, ನೊಣದಿಂದ. ಇಟಲಿಯ ನೇಪಲ್ಸ್‌ನಲ್ಲಿ ಫೆರುಚಿಯೊ ರಿಟೊಸ್ಸಾ ಹಣ್ಣಿನ ನೊಣದ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಪ್ರಯೋಗಾಲಯದಲ್ಲಿ ಯಾರೋ ನೊಣಗಳನ್ನು ಇಟ್ಟ ಪೆಟ್ಟಿಗೆಯ ಉಷ್ಣತೆ ಏರಿಸಿಬಿಟ್ಟಿದ್ದರು. ವರ್ಣತಂತುವಿನಲ್ಲಿ ಎಂದೂ ಕಾಣದ ಕಡೆ ಉಬ್ಬು ಎದ್ದಿತ್ತು. ಉಬ್ಬು ಎಂದರೆ ಅಲ್ಲಿನ ಜೀನ್ ಕೆಲಸಕ್ಕೆ ಇಳಿದಿದೆ ಎಂದರ್ಥ. ಒಂದು ದೊಡ್ಡ ಪತ್ರಿಕೆ ಇದಕ್ಕೆ ಜೀವಶಾಸ್ತ್ರದಲ್ಲಿ ಮಹತ್ವವಿಲ್ಲ ಎಂದು ಲೇಖನವನ್ನು ವಾಪಸು ಕಳಿಸಿತು. 1962ರಲ್ಲಿ ಅದು ಬೇರೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಆ ಉಬ್ಬುಗಳಿಂದ ಹುಟ್ಟುವುದು ಯಾವ ಪ್ರೋಟೀನು ಎಂದು ಗೊತ್ತಾಗಲು 1974ರ ತನಕ ಕಾಯಬೇಕಾಯಿತು. ಅವೇ ಇಂದಿನ ಹೀಟ್ ಶಾಕ್ ಪ್ರೋಟೀನುಗಳು. ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಎಲ್ಲ ಜೀವಿಗಳಲ್ಲೂ ಇವು ಇವೆ, ಹೆಚ್ಚುಕಡಿಮೆ ಅದೇ ರೂಪದಲ್ಲಿ.

ಕೆಲಸ ನಡೆಯುವ ಬಗೆ ನೋಡಿ. ನಮ್ಮ ಜೀವಕೋಶದಲ್ಲಿ ಎಚ್‌ಎಸ್‌ಎಫ್-1 ಎಂಬ ಪ್ರೋಟೀನಿದೆ. ದುರಸ್ತಿಯ ಜೀನುಗಳನ್ನು ಎಬ್ಬಿಸುವುದು ಅದರ ಕೆಲಸ. ತಣ್ಣಗಿರುವಾಗ ದುರಸ್ತಿ ಪ್ರೋಟೀನುಗಳೇ ಅದನ್ನು ಹಿಡಿದು ಕೂಡಿಸಿರುತ್ತವೆ. ಬಿಸಿ ಏರಿ ಬೇರೆ ಪ್ರೋಟೀನುಗಳ ಮಡಿಕೆ ಬಿಚ್ಚಿಕೊಳ್ಳತೊಡಗಿದಾಗ, ಹಿಡಿದು ಕೂತವುಗಳೆಲ್ಲ ಅವನ್ನು ಸಂಭಾಳಿಸಲು ಓಡುತ್ತವೆ. ಕೈಬಿಟ್ಟ ಎಚ್‌ಎಸ್‌ಎಫ್-1 ಮೂರು ಮೂರಾಗಿ ಕೂಡಿಕೊಂಡು, ಕೋಶಕೇಂದ್ರದಲ್ಲಿ ಡಿಎನ್‌ಎಗೆ ಅಂಟಿ, ಇನ್ನಷ್ಟು ದುರಸ್ತಿ ಪ್ರೋಟೀನು ತಯಾರಿಸಲು ಚಾಲನೆ ಕೊಡುತ್ತದೆ. ಅವು ಬೇಕಾದಷ್ಟು ತಯಾರಾದ ಮೇಲೆ ಮತ್ತೆ ಅದನ್ನು ಹಿಡಿದು ಕೂಡಿಸುತ್ತವೆ. ಬೇರೆ ಯಾರೂ ಕಾವಲು ಕಾಯುವುದಿಲ್ಲ. ಕೊರತೆಯೇ ಇಲ್ಲಿ ಸುದ್ದಿ ಮುಟ್ಟಿಸುತ್ತದೆ.

ಹುಳದ ವಿಷಯ. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳ ಎರಡು ಮೂರು ವಾರ ಬದುಕುತ್ತದೆ. 1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ ಅದರ ಡ್ಯಾಫ್-2 ಎಂಬ ಒಂದೇ ಜೀನಿನಲ್ಲಿ ಬದಲಾವಣೆ ಇದ್ದ ಹುಳಗಳು ಎರಡು ಪಟ್ಟು ಬಾಳಿದ್ದನ್ನು ತೋರಿಸಿತು. ಆ ಆಯುಷ್ಯ ಸಿಗಬೇಕಾದರೆ ಎಚ್‌ಎಸ್‌ಎಫ್-1 ಇರಲೇಬೇಕು ಎಂದು ಹತ್ತು ವರ್ಷದ ಮೇಲೆ ಗೊತ್ತಾಯಿತು. ಆ ಬದಲಾವಣೆ ಇಲ್ಲದ ಸಾದಾ ಹುಳಗಳನ್ನು ಒಂದೆರಡು ಗಂಟೆ 35 ಡಿಗ್ರಿಯಲ್ಲಿ ಇಟ್ಟು ತೆಗೆದರೆ ಆಯುಷ್ಯ ಸ್ವಲ್ಪ ಹೆಚ್ಚುತ್ತದೆ. ಇನ್ನೂ ನಾಲ್ಕಾರು ಗಂಟೆ ಬಿಟ್ಟರೆ ಬೇಗ ಸಾಯುತ್ತವೆ. ನನ್ನ ಕೊಲ್ಹಾರದ ವಿರೋಧಿಗಳು ಮೊದಲ ವಾಕ್ಯವನ್ನು ಓದಿ ಎರಡನೆಯದನ್ನು ಬಿಟ್ಟಿದ್ದಾರೆ.

ಮನುಷ್ಯ ಹುಳವಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಆಕ್ಷೇಪಿಸಿದವರು ಹೇಳಿದ ಕಾರಣಕ್ಕಲ್ಲ. ಬೆಳೆದ ಹುಳದ ದೇಹದ ಕೋಶಗಳು ಒಡೆದು ಹೆಚ್ಚಾಗುವುದಿಲ್ಲ. ಹಾಗಾಗಿ ಅದಕ್ಕೆ ಕ್ಯಾನ್ಸರಿನ ಭಯವಿಲ್ಲ. ನಮಗಿದೆ. ಸೂಸನ್ ಲಿಂಡ್‌ಕ್ವಿಸ್ಟ್ ಅವರ ತಂಡ 2007ರಲ್ಲಿ ಎಚ್‌ಎಸ್‌ಎಫ್-1 ಇಲ್ಲದ ಇಲಿಗಳಲ್ಲಿ ಗಡ್ಡೆ ಬೆಳೆಯುವುದು ಕಡಿಮೆ ಎಂದು ತೋರಿಸಿತು. ನಮ್ಮ ಕೋಶವನ್ನು ಕಾಯುವ ದುರಸ್ತಿ, ಕ್ಯಾನ್ಸರ್ ಕೋಶಕ್ಕೂ ಬೆನ್ನು ಕೊಡುತ್ತದೆ. “ಹೀಟ್ ಶಾಕ್ ಪ್ರೋಟೀನ್ ಹೆಚ್ಚಿಸುವ” ಪುಡಿಯನ್ನು ಯಾರಾದರೂ ನಿಮಗೆ ಮಾರಲು ಬಂದರೆ ಈ ಇಲಿಗಳ ಸುದ್ದಿ ಕೇಳಿ.

ಮನುಷ್ಯನ ಸಾಕ್ಷಿಯೇ ಬೇಕು ಎಂದರೆ ಊರಿನ ಯಾವ ಹಿರಿಯರ ಕಣ್ಣನ್ನಾದರೂ ನೋಡಿ. ಕಣ್ಣಿನ ಮಸೂರದ ಒಳಗಿನ ಕೋಶಗಳಿಗೆ ಕೋಶಕೇಂದ್ರವಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಕಟ್ಟಿದ ಪ್ರೋಟೀನೇ ಎಂಬತ್ತರ ಹರೆಯದವರೆಗೂ ಅಲ್ಲಿರುತ್ತದೆ. ಹೊಸದು ಬರುವುದಿಲ್ಲ. ಅದು ಮುದ್ದೆಗಟ್ಟದ ಹಾಗೆ ಕಾಯುವುದು ಆಲ್ಫಾ-ಕ್ರಿಸ್ಟಲಿನ್. ಅದೂ ಸಣ್ಣ ಹೀಟ್ ಶಾಕ್ ಪ್ರೋಟೀನುಗಳ ಬಳಗದ್ದೇ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾಲಯದಲ್ಲಿ ಚಿ. ಮೋಹನ ರಾವ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಸೂರದ ನಡುಭಾಗದಲ್ಲಿ ಕರಗಿದ ರೂಪದ ಆಲ್ಫಾ-ಕ್ರಿಸ್ಟಲಿನ್ ನಲವತ್ತು ಐವತ್ತರ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಆಮೇಲೆ ಬಿಸಿಲಿನ ನೇರಳಾತೀತ ಕಿರಣ, ಸಕ್ಕರೆ ಕಾಯಿಲೆ, ಬೀಡಿ ಒಂದೊಂದೂ ತನ್ನ ಪಾಲಿನ ಹಾನಿ ಮಾಡುತ್ತದೆ, ಪ್ರೋಟೀನು ಮುದ್ದೆಯಾಗುತ್ತದೆ, ಪೊರೆ ಬರುತ್ತದೆ. ದುರಸ್ತಿಯ ದಾಸ್ತಾನು ಮುಗಿದಾಗ ಏನಾಗುತ್ತದೆ ಎಂಬುದನ್ನು ಟಾರ್ಚ್ ಹಿಡಿದು ನೋಡಬಹುದಾದ ಜಾಗ ನಮ್ಮ ದೇಹದಲ್ಲಿ ಇದೊಂದೇ.

“ಉರಿ ತಾಗುವುದೇ ಮುಪ್ಪು, ಆಂಟಿಆಕ್ಸಿಡೆಂಟ್ ನುಂಗಿದರೆ ಮುಗಿಯಿತು”

ಇದು ಎರಡನೇ ಬಣದ ವಾದ. ಮೂಲ 1956ರದು: ಉಸಿರಾಟದಲ್ಲಿ ಹುಟ್ಟುವ ಫ್ರೀ ರ್‍ಯಾಡಿಕಲ್‌ಗಳು ಕೋಶವನ್ನು ಸವೆಸುವುದೇ ಮುಪ್ಪು ಎಂದು ಡೆನ್ಹಮ್ ಹಾರ್ಮನ್ ಹೇಳಿದ್ದರು. ಮಾತು ತರ್ಕಕ್ಕೆ ಕೂಡುತ್ತಿತ್ತು. ಪರೀಕ್ಷೆಗೆ ಕೂಡಲಿಲ್ಲ. ಫಿನ್‌ಲೆಂಡಿನಲ್ಲಿ 29,133 ಜನ ಸಿಗರೇಟು ಸೇದುವ ಗಂಡಸರಿಗೆ ವಿಟಮಿನ್ ಇ, ಬೀಟಾ ಕ್ಯಾರೋಟಿನ್ ಅಥವಾ ಬರೀ ಹುಸಿಗುಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ ಅಂಥದ್ದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು, ಕಾರಣ ಅದೇ.

ಇದಕ್ಕಿಂತ ಸಣ್ಣದಾದ, ಆದರೆ ನನಗೆ ಹೆಚ್ಚು ಮೆಚ್ಚುಗೆಯಾದ ಪ್ರಯೋಗ ಜರ್ಮನಿಯದು. 2009ರಲ್ಲಿ ಮೈಕೆಲ್ ರಿಸ್ಟೋ ತಂಡ ಸುಮಾರು ನಲವತ್ತು ಜನ ತರುಣರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿತು. ಅರ್ಧದಷ್ಟು ಜನರಿಗೆ ದಿನವೂ ವಿಟಮಿನ್ ಸಿ ಮತ್ತು ಇ. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿದ್ದು ಗುಳಿಗೆ ನುಂಗದವರಲ್ಲಿ ಮಾತ್ರ. ಸ್ನಾಯು ದುಡಿದಾಗ ಹುಟ್ಟುವ ಆ ಸಣ್ಣ ಉರಿಯೇ ಕೋಶಕ್ಕೆ “ನಿನ್ನ ರಕ್ಷಣೆಯನ್ನು ನೀನೇ ಹೆಚ್ಚಿಸಿಕೋ” ಎಂಬ ಸುದ್ದಿ. ಗುಳಿಗೆ ಸುದ್ದಿಯನ್ನೇ ಆರಿಸಿಬಿಟ್ಟಿತು. ಕೊರತೆ ಇದ್ದವರು ವೈದ್ಯರು ಬರೆದುಕೊಟ್ಟ ವಿಟಮಿನ್ ನುಂಗುವುದು ಬೇರೆ ಮಾತು, ಅದನ್ನು ನಾನು ಬಿಡಿ ಎಂದಿಲ್ಲ. ಮುಪ್ಪು ತಡೆಯುತ್ತದೆ ಎಂದು ಬಣ್ಣದ ಡಬ್ಬಿ ತರುವುದಕ್ಕಿಂತ ಆ ದುಡ್ಡಿಗೆ ಪ್ಯಾಟಿಯಿಂದ ಒಂದು ಕಿಲೋ ನೆಲ್ಲಿಕಾಯಿ, ಎರಡು ಸೂಡು ಮೆಂತೆಪಲ್ಲೆ ತನ್ನಿ.

“ಏಕಾದಶಿಗೇ ನೊಬೆಲ್ ಬಂದೈತಿ”

ಈ ಮಾತು ಎಷ್ಟು ಮೊಬೈಲುಗಳಿಂದ ಬಂತೋ ಲೆಕ್ಕವಿಟ್ಟಿಲ್ಲ. 2016ರಲ್ಲಿ ಯೋಶಿನೋರಿ ಓಸುಮಿ ಅವರಿಗೆ ನೊಬೆಲ್ ಬಂದದ್ದು ನಿಜ. ಅದು ಬಂದದ್ದು ಉಪವಾಸಕ್ಕಲ್ಲ, ಯೀಸ್ಟಿಗೆ. ಇಡ್ಲಿ ಹಿಟ್ಟು ಹುಳಿ ಬರುವಾಗಲೂ ಇರುವ, ಬ್ರೆಡ್ಡು ಉಬ್ಬಿಸುವ ಆ ಒಂಟಿಕೋಶದ ಜೀವಿಗೆ ಆಹಾರ ತಪ್ಪಿಸಿದಾಗ, ಅದು ತನ್ನೊಳಗಿನ ಹಳೆಯ ಸಾಮಾನನ್ನು ಚೀಲಗಳಲ್ಲಿ ಕಟ್ಟಿ ಒಡೆದು ಬಳಸಿಕೊಳ್ಳುತ್ತದೆ. ಈ ಆಟೋಫೇಜಿಗೆ ಹೆಸರು ಕೊಟ್ಟದ್ದು 1963ರಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್. ಅದನ್ನು ನಡೆಸುವ ಹದಿನೈದು ಜೀನುಗಳನ್ನು ಓಸುಮಿ 1993ರಲ್ಲಿ ಪತ್ತೆ ಹಚ್ಚಿದರು. ಅವರ ಜಾಣತನ ಇದ್ದದ್ದು ಇಲ್ಲಿ: ಒಡೆಯುವ ಕಿಣ್ವಗಳೇ ಇಲ್ಲದ ಯೀಸ್ಟನ್ನು ಆರಿಸಿಕೊಂಡರು. ಚೀಲಗಳು ಬಂದು ಸೇರಿದವು, ಒಡೆಯಲಿಲ್ಲ, ರಾಶಿ ಬಿದ್ದವು, ಸೂಕ್ಷ್ಮದರ್ಶಕದಲ್ಲಿ ಕಂಡವು.

ಮನುಷ್ಯನಲ್ಲೂ ಆಟೋಫೇಜಿ ನಡೆಯುತ್ತದೆ. ಎಷ್ಟು ಗಂಟೆ ಹಸಿದರೆ ಯಾವ ಅಂಗದಲ್ಲಿ ಎಷ್ಟು ನಡೆಯುತ್ತದೆ ಎಂದು ಜೀವಂತ ಮನುಷ್ಯನಲ್ಲಿ ಅಳೆಯುವುದು ಮಾತ್ರ ಬಲು ಕಷ್ಟ. ಹದಿನಾರು ಗಂಟೆ ಎಂದು ಖಡಾಖಂಡಿತ ಹೇಳುವವರು ಯಾವ ತಕ್ಕಡಿಯಲ್ಲಿ ತೂಗಿದರೋ ಕೇಳಬೇಕು. ಅದೂ ಅಲ್ಲದೆ ನಮ್ಮ ಕಡೆಯ ಏಕಾದಶಿಯ ತಾಟನ್ನೇ ನೋಡಿ: ಸಾಬೂದಾಣಿ ಖಿಚಡಿ, ಶೇಂಗಾದುಂಡಿ, ಬಾಳೆಹಣ್ಣು, ಮೇಲೆ ಕೆನೆಹಾಲು. ಯೀಸ್ಟಿಗೆ ಹೀಗೆ ಬಡಿಸಿದ್ದರೆ ಓಸುಮಿಗೆ ನೊಬೆಲ್ ಬರುತ್ತಿರಲಿಲ್ಲ. ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವರ ಭಕ್ತಿಗೆ ನನ್ನ ನಮಸ್ಕಾರವಿದೆ, ಅದಕ್ಕೆ ಸ್ಟಾಕ್‌ಹೋಮಿನ ಮುದ್ರೆ ಬೇಕಿಲ್ಲ.

ನಗೆಯಾಡುವಂಥದ್ದಲ್ಲದ ಒಂದು ಮಾತಿದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಗುಳಿಗೆ ತಗೊಳ್ಳುವವರು ವೈದ್ಯರನ್ನು ಕೇಳದೆ ದಿನವಿಡೀ ಹಸಿದರೆ ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಎಪ್ಪತ್ತು ದಾಟಿದವರಿಗೆ ಹಸಿವಿಗಿಂತ ಸ್ನಾಯು ಕರಗುವುದೇ ದೊಡ್ಡ ಅಪಾಯ. ಅವರಿಗೆ ಬೇಳೆ, ಹಾಲು, ಮೊಳಕೆ ಕಾಳು ಕೊಡಿ.

ಕೊಲ್ಹಾರದ ಮೊಸರು

“ನಿಮ್ಮೂರ ಮೊಸರೇ ಅಮೃತ, ಅದನ್ನೇ ಮರೆತು ಬರೆದಿದ್ದೀರಿ” ಎಂದವರಿಗೆ ಏನು ಹೇಳಲಿ! ಎಮ್ಮೆ ಹಾಲನ್ನು ಸಣ್ಣ ಉರಿಯಲ್ಲಿ ಕೆನೆಗಟ್ಟುವ ತನಕ ಕಾಸಿ, ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ. ಗಡಿಗೆ ನೀರು ಹೀರುತ್ತದೆ, ಮೊಸರು ಗಟ್ಟಿಯಾಗುತ್ತದೆ, ಬೋರಲು ಹಾಕಿದರೂ ಬೀಳುವುದಿಲ್ಲ. ಹೆದ್ದಾರಿಯ ಬಸ್ಸು ನಿಂತ ಕೂಡಲೇ ಕಿಟಕಿಗೆ ಬರುವ ಆ ಸಣ್ಣ ಗಡಿಗೆಗಳನ್ನು ಹುಬ್ಬಳ್ಳಿ, ಸೊಲ್ಲಾಪುರದ ತನಕ ಒಯ್ದವರಿದ್ದಾರೆ. ರುಚಿಯ ಮಾತಿನಲ್ಲಿ ನನ್ನೊಡನೆ ಯಾರೂ ವಾದಕ್ಕೆ ಬರಬೇಕಿಲ್ಲ. ಆಯುಷ್ಯದ ಮಾತಿನಲ್ಲಿ ಬನ್ನಿ.

ಮೊಸರಿನಿಂದ ಆಯುಷ್ಯ ಹೆಚ್ಚುತ್ತದೆ ಎಂದು ಜಗತ್ತಿಗೆ ಸಾರಿದವರು ಇಲ್ಯಾ ಮೆಚ್ನಿಕಾಫ್. ರೋಗನಿರೋಧದ ಸಂಶೋಧನೆಗೆ 1908ರ ನೊಬೆಲ್ ಪಡೆದವರು, ಸಾಮಾನ್ಯರಲ್ಲ. ದೊಡ್ಡ ಕರುಳಿನ ಕೊಳೆತದಿಂದ ಮುಪ್ಪು ಬರುತ್ತದೆ, ಬಲ್ಗೇರಿಯದ ರೈತರು ಹುಳಿಹಾಲು ಕುಡಿದು ಬಹಳ ವರ್ಷ ಬಾಳುತ್ತಾರೆ ಎಂದು ಬರೆದರು, ತಾವೂ ದಿನವೂ ಕುಡಿದರು. 71ನೇ ವಯಸ್ಸಿಗೆ ತೀರಿಕೊಂಡರು. ಒಬ್ಬರ ಆಯುಷ್ಯದಿಂದ ವಾದ ಬೀಳುವುದಿಲ್ಲ, ಹಾಗೆಯೇ ಏಳುವುದೂ ಇಲ್ಲ. ಮೊಸರಿನ ಬ್ಯಾಕ್ಟೀರಿಯಗಳು ನಮ್ಮ ಕರುಳಲ್ಲಿ ಹೆಚ್ಚು ದಿನ ನೆಲೆ ನಿಲ್ಲುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಅಂದಹಾಗೆ, ಆ ಗಡಿಗೆಯೊಳಗೆ ಇರುವುದೂ ಮುದ್ದೆಗಟ್ಟಿದ ಪ್ರೋಟೀನೇ. ಹುಳಿ ಏರಿದಾಗ ಹಾಲಿನ ಕೇಸಿನ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಮತ್ತೆ ಹಾಲಾಗುವುದಿಲ್ಲ. ಜೀವಕೋಶ ತನ್ನೊಳಗೆ ಆಗಗೊಡದಿರಲು ಜೀವಮಾನವಿಡೀ ಹೆಣಗುವುದನ್ನೇ ನಾವು ರಾತ್ರಿ ಹೆಪ್ಪು ಹಾಕಿ ಬೆಳಗ್ಗೆ ರೊಟ್ಟಿಯ ಜೊತೆ ಉಣ್ಣುತ್ತೇವೆ. ಹೊಟ್ಟೆಗೆ ತಂಪು, ಪ್ರೋಟೀನೂ ಸಿಗುತ್ತದೆ. ಅಷ್ಟು ಸಾಲದೆ?

“ಸಿದ್ಧಗಂಗಾ ಶ್ರೀಗಳನ್ನು ನೋಡಿ”

ಶಿವಕುಮಾರ ಸ್ವಾಮೀಜಿ 1907ರ ಏಪ್ರಿಲ್ 1ರಂದು ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ಮಿತ ಆಹಾರ, ನಸುಕಿನ ಎಚ್ಚರ, ಎಡೆಬಿಡದ ದುಡಿಮೆ. ನಿಜ. ಸರ್ ಎಂ. ವಿಶ್ವೇಶ್ವರಯ್ಯನವರು ಶತಾಯುಷಿ. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರ ತನಕ ಇದ್ದರು. ಒಬ್ಬರು ಮಠಾಧಿಪತಿ, ಒಬ್ಬರು ಎಂಜಿನಿಯರು, ಒಬ್ಬರು ಪದಗಳ ನಡುವೆ ಕೂತು ಬಾಳಿದವರು. ಅವರಂತೆಯೇ ಮಿತವಾಗಿ ಉಂಡು, ನಸುಕಿನಲ್ಲೆದ್ದು, ಅರವತ್ತಕ್ಕೆ ಹೋದವರ ಫೋಟೋ ಯಾರ ಗೋಡೆಯ ಮೇಲೂ ಇಲ್ಲ. ಅವರನ್ನು ಲೆಕ್ಕಕ್ಕೆ ಹಿಡಿಯದೆ ಕಾರಣ ಹುಡುಕಬಾರದು ಎಂಬುದಷ್ಟೇ ನನ್ನ ತಕರಾರು. ಜೀನಿನ ಪಾಲೂ ಇದೆ: ಹವಾಯಿಯ ಜಪಾನಿ ಮೂಲದ ಗಂಡಸರಲ್ಲಿ ಫಾಕ್ಸೊ-3 ಜೀನಿನ ಒಂದು ರೂಪ ದೀರ್ಘಾಯುಷಿಗಳಲ್ಲಿ ಹೆಚ್ಚು ಕಂಡದ್ದು 2008ರಲ್ಲಿ. ಡ್ಯಾಫ್-2 ಬದಲಾದ ಹುಳದ ಆಯುಷ್ಯ ಹೆಚ್ಚಲು ಬೇಕಾದ ಇನ್ನೊಂದು ಜೀನಿನ ದಾಯಾದಿಯೇ ಅದು.

“ನಮ್ಮ ಮುತ್ಯಾ ನೂರಾ ಹತ್ತು ವರ್ಷ ಇದ್ದ” ಎನ್ನುವವರಿಗೆ: ಜನನ ಮರಣ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಎಷ್ಟೋ ಜನರ ವಯಸ್ಸನ್ನು ಪ್ಲೇಗು ಬಂದ ವರ್ಷ, ಹೊಳೆ ಏರಿದ ವರ್ಷ ಎಂದು ಎಣಿಸುತ್ತಿದ್ದರು. ಆ ಎಣಿಕೆ ಪ್ರೀತಿಯಿಂದ ಉದ್ದವಾಗುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಈಗ ಎಪ್ಪತ್ತರ ಆಸುಪಾಸು. ಈ ಏರಿಕೆ ಬಂದದ್ದು ಲಸಿಕೆಯಿಂದ, ಕುಡಿಯುವ ನೀರಿನಿಂದ, ಹೆರಿಗೆ ಆಸ್ಪತ್ರೆಯಿಂದ, ಪಡಿತರದಿಂದ. ಕಷ್ಟ ಹೆಚ್ಚಾಗಿ ಬಂದದ್ದಲ್ಲ.

ಬರ ಮತ್ತು ಮುಳುಗಡೆ

ಬರ ಉಂಡ ನಾಡು ಗಟ್ಟಿ ಎಂದು ಒಬ್ಬರು ಬರೆದರು. ಈ ಸೀಮೆಯವರ ಬಾಯಲ್ಲಿ ಡೋಗಿ ಬರದ ಹೆಸರು ಇನ್ನೂ ಇದೆ. 1791-92ರಲ್ಲಿ ಹೂಳಲಾರದಷ್ಟು ಜನ ಸತ್ತು ತಲೆಬುರುಡೆಗಳು ಬಯಲಲ್ಲಿ ಬಿದ್ದುದರಿಂದ ಬಂದ ಹೆಸರು ಅದು. ಗಟ್ಟಿಯಾದವರ ಬಗ್ಗೆ ಮಾತಾಡುವ ಮುನ್ನ ಆ ಬುರುಡೆಗಳನ್ನೂ ಎಣಿಸಬೇಕು. ಉಳಿದವರ ಮಕ್ಕಳ ಪಾಡೇನು ಎಂಬುದಕ್ಕೆ ಹಾಲೆಂಡಿನಲ್ಲಿ ದಾಖಲೆ ಇದೆ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ತಡೆದಾಗ ಬಸಿರಲ್ಲಿದ್ದ ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಸಕ್ಕರೆ ಅರಗಿಸುವ ಶಕ್ತಿ ಕುಂದಿದ್ದು ಕಂಡಿತು. ಅರವತ್ತು ವರ್ಷದ ಮೇಲೂ ಅವರ ಡಿಎನ್‌ಎ ಮೇಲೆ ಆ ಹಸಿವಿನ ಗುರುತು ಇದ್ದುದನ್ನು 2008ರಲ್ಲಿ ತೋರಿಸಿದರು. ಪ್ರಯೋಗಾಲಯದ ಇಲಿಗೆ ಊಟ ಕಡಿಮೆ ಮಾಡಿದಾಗ ಆಯುಷ್ಯ ಹೆಚ್ಚುವುದು ನಿಜ. ಆ ಇಲಿಗೆ ವಿಟಮಿನ್, ಖನಿಜ ಒಂದೂ ಕಡಿಮೆ ಮಾಡಿರುವುದಿಲ್ಲ, ಅದಕ್ಕೆ ರೋಗ ತಾಗುವುದಿಲ್ಲ. ಬರದಲ್ಲಿ ಹಾಗಿರುವುದಿಲ್ಲ.

ಆಲಮಟ್ಟಿ ಜಲಾಶಯದ ನೀರು ಹಳೆ ಕೊಲ್ಹಾರವನ್ನು ನುಂಗಿ, ಜನ ಮೇಲಕ್ಕೆ ಬಂದು ಹೊಸ ಊರು ಕಟ್ಟಿದರು. ಅದೂ ಒಂದು “ಒಳ್ಳೆಯ ಒತ್ತಡ”ವಂತೆ! ಮನೆ, ಹೊಲ, ಗುಡಿ, ದರ್ಗಾ ಬಿಟ್ಟು ಪರಿಹಾರದ ಕಡತದ ಹಿಂದೆ ಅಲೆದವರ ಮನಸ್ಸಿನ ಭಾರ ಎರಡು ಗಂಟೆಯ ಬಿಸಿಯಲ್ಲ. 2004ರಲ್ಲಿ ಎಲಿಸ್ಸಾ ಎಪೆಲ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ 58 ತಾಯಂದಿರ ರಕ್ತ ಪರೀಕ್ಷಿಸಿದರು, ಅವರಲ್ಲಿ ಹಲವರು ದೀರ್ಘ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಒತ್ತಡ ತೀರಾ ಹೆಚ್ಚೆಂದ ತಾಯಂದಿರ ಟೆಲೊಮಿಯರ್, ಅಂದರೆ ವರ್ಣತಂತುವಿನ ತುದಿ, ಕನಿಷ್ಠ ಹತ್ತು ವರ್ಷದ ಸವಕಳಿಯಷ್ಟು ಗಿಡ್ಡವಾಗಿತ್ತು. ಸಣ್ಣ ಅಧ್ಯಯನ, ಒಂದೇ ಸಲದ ಅಳತೆ, ಇದರಿಂದಲೇ ಎಲ್ಲ ಸಿದ್ಧವಾಯಿತು ಎನ್ನಲಾರೆ. ಆದರೆ ಬೊಟ್ಟು ತೋರಿಸುವ ದಿಕ್ಕು ನನ್ನ ವಿರೋಧಿಗಳ ಕಡೆಗಿಲ್ಲ.

“ನಾವು ಬಿಸಲಾಗ ಹುಟ್ಟಿ ಬಿಸಲಾಗ ಬೆಳದವ್ರು”

ಎಲ್ಲಕ್ಕಿಂತ ಜೋರಾಗಿ ಬಂದ ಆಕ್ಷೇಪ ಇದು. ಒಬ್ಬ ನಿವೃತ್ತ ಅಧಿಕಾರಿಗಳು ಮೂರು ಪುಟ ಬರೆದಿದ್ದಾರೆ. ಫಿನ್‌ಲೆಂಡಿನವರು ದುಡ್ಡು ಕೊಟ್ಟು ಸೌನಾ ಕೋಣೆಯಲ್ಲಿ ಬೆವರುತ್ತಾರೆ, ದೇವರು ನಮಗೆ ಅದನ್ನು ಪುಕ್ಕಟೆ ಕೊಟ್ಟಿದ್ದಾನೆ ಎಂಬುದು ಅವರ ಸಾರಾಂಶ.

ಸೌನಾದ ಅಧ್ಯಯನ ನಾನೂ ಓದಿದ್ದೇನೆ. ಕುಒಪಿಯೊ ಸೀಮೆಯ 2,315 ಮಧ್ಯವಯಸ್ಸಿನ ಗಂಡಸರನ್ನು ಇಪ್ಪತ್ತು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ್ದು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾಕ್ಕೆ ಹೋಗುವವರಲ್ಲಿ ಹೃದಯದ ಕಾಯಿಲೆಯ ಸಾವು ಕಡಿಮೆ. ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ಸಲ ಹೋಗುತ್ತಾರೆ ಎಂಬ ಸಂಶಯ ಅಲ್ಲಿ ಪೂರ್ತಿ ತೀರುವುದಿಲ್ಲ. ಆ ಸಂಶಯ ಬದಿಗಿರಲಿ. ಸೌನಾದಲ್ಲಿ ಮನುಷ್ಯ ಕೂತಿರುತ್ತಾನೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಎದ್ದು ಬಾಗಿಲು ತೆಗೆಯುತ್ತಾನೆ. ಹೊರಗೆ ತಣ್ಣೀರಿದೆ. ಇಟ್ಟಂಗಿ ಭಟ್ಟಿಯಲ್ಲಿ ಮೇ ತಿಂಗಳ ಮಧ್ಯಾಹ್ನ ತಲೆಯ ಮೇಲೆ ಹತ್ತು ಇಟ್ಟಂಗಿ ಹೊತ್ತ ಹೆಣ್ಣುಮಗಳಿಗೆ ಬಾಗಿಲು ಯಾವುದು?

ದೇಹ ಬಿಸಿಲಿಗೆ ಒಗ್ಗುತ್ತದೆ, ಇದನ್ನು ಅಲ್ಲಗಳೆಯುವುದಿಲ್ಲ. ಒಂದೆರಡು ವಾರದಲ್ಲಿ ಬೆವರು ಬೇಗ ಬರತೊಡಗುತ್ತದೆ, ಬೆವರಿನ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ, ಕೋಶಗಳಲ್ಲಿ ಹೀಟ್ ಶಾಕ್ ಪ್ರೋಟೀನಿನ ದಾಸ್ತಾನು ಏರುತ್ತದೆ. ನೆರಳಲ್ಲಿ ಕೆಲವು ವಾರ ಇದ್ದರೆ ಇದೆಲ್ಲ ಇಳಿದೂ ಹೋಗುತ್ತದೆ. ಕೊಲ್ಹಾರದಲ್ಲಿ ಹುಟ್ಟಿದ್ದೇ ಇದಕ್ಕೆ ಪರವಾನಗಿಯಲ್ಲ. ಗುಳೆ ಹೋಗಿ ಬಂದವರು, ಕಾಯಿಲೆ ಬಿದ್ದು ಎದ್ದವರು, ಬಾಣಂತನ ಮುಗಿಸಿದವರು ಮೊದಲ ದಿನ ಹೊಸಬರೇ. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಲಹೆಯಲ್ಲಿ ಹೊಸ ಕೆಲಸಗಾರನಿಗೆ ಮೊದಲ ದಿನ ಪೂರ್ತಿ ಬಿಸಿಲ ಕೆಲಸದ ಶೇ. 20 ಮಾತ್ರ ಕೊಡಿ, ದಿನಕ್ಕೆ ಶೇ. 20ರಂತೆ ಏರಿಸಿ ಎಂದಿದೆ. ಬಿಸಿಲಿನಿಂದ ಕೆಲಸದ ಜಾಗದಲ್ಲಿ ಆಗುವ ಸಾವುಗಳಲ್ಲಿ ದೊಡ್ಡ ಪಾಲು ಮೊದಲ ಕೆಲವು ದಿನಗಳಲ್ಲೇ ಆಗುತ್ತದೆ ಎಂಬ ಅನುಭವದಿಂದ ಬಂದ ಲೆಕ್ಕ ಅದು.

ಒಗ್ಗಿದ ದೇಹಕ್ಕೂ ಒಂದು ಅಂಚಿದೆ. ಒಳಮೈ ಉಷ್ಣತೆ 40 ಡಿಗ್ರಿ ದಾಟಿ, ಮಾತು ತಡವರಿಸಿ, ಎಚ್ಚರ ತಪ್ಪತೊಡಗಿದರೆ ಅದು ಬಿಸಿಲಾಘಾತ. ಆಗ ಕರುಳಿನ ಗೋಡೆ ಸಡಿಲುತ್ತದೆ, ಯಕೃತ್ತು, ಮೂತ್ರಪಿಂಡ ಸೋಲುತ್ತವೆ. ಎಚ್‌ಎಸ್‌ಎಫ್-1 ಎಷ್ಟೇ ಕೂಗಿದರೂ ದುರಸ್ತಿಗೆ ಸಮಯವಿರುವುದಿಲ್ಲ. ಕೂಡಲೇ ಮೈಗೆ ತಣ್ಣೀರು ಸುರಿದು, ಗಾಳಿ ಬೀಸಿ, ಆಸ್ಪತ್ರೆಗೆ ಒಯ್ಯಬೇಕು. ಮತ್ತೆ, ವಯಸ್ಸಾದಂತೆ ಈ ಕೂಗೇ ಸಣ್ಣದಾಗುತ್ತದೆ. ಹುಳದಲ್ಲಿ ಮೊಟ್ಟೆ ಇಡಲು ಶುರುವಾದ ಕೆಲವೇ ಗಂಟೆಗಳಲ್ಲಿ ಬಿಸಿಗೆ ಸ್ಪಂದಿಸುವ ಶಕ್ತಿ ಕುಸಿಯುವುದನ್ನು ರಿಚರ್ಡ್ ಮೊರಿಮೊಟೊ ಪ್ರಯೋಗಾಲಯ 2015ರಲ್ಲಿ ತೋರಿಸಿತು. ಮುದುಕರ ರಕ್ತಕೋಶಗಳಿಗೆ ಬಿಸಿ ತಾಗಿಸಿದಾಗ ತರುಣರಷ್ಟು ಹೀಟ್ ಶಾಕ್ ಪ್ರೋಟೀನು ಹುಟ್ಟುವುದಿಲ್ಲ. ಬಾಯಾರಿಕೆಯೂ ಅವರಿಗೆ ತಡವಾಗಿ ಗೊತ್ತಾಗುತ್ತದೆ. ಜೀವಮಾನವಿಡೀ ಬಿಸಿಲುಂಡ ಮುತ್ಯಾ ಎಲ್ಲರಿಗಿಂತ ಗಟ್ಟಿಯಿರಬೇಕಿತ್ತು, ಆ ವಾದ ನಿಜವಾಗಿದ್ದರೆ. ಬಿಸಿಗಾಳಿಯ ದಿನಗಳಲ್ಲಿ ಮೊದಲು ಕುಸಿಯುವವರಲ್ಲಿ ಅವನೂ ಒಬ್ಬ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ ಲಾಂಗೆವಿಟಿ ಇಂಡಿಯಾ ಎಂಬ ಯೋಜನೆ ಶುರು ಮಾಡಿದೆ, ಭಾರತೀಯರ ಮುಪ್ಪನ್ನು ಭಾರತೀಯರಲ್ಲೇ ಅಳೆಯಲು. ಒಳ್ಳೆಯದು. ಅಂಥ ಅಳತೆಯಲ್ಲಿ ಹೊಲದ ಕೂಲಿಯವರ, ಭಟ್ಟಿಯವರ ರಕ್ತವೂ ಸೇರಬೇಕು ಎಂಬುದು ನನ್ನ ಬೇಡಿಕೆ. ಬೆಂಗಳೂರಿನ ನೆರಳಲ್ಲಿ ಬೆಳೆದ ಕೋಶಗಳಷ್ಟೇ ಸಾಲವು.

ಕೊನೆಗೆ ಆ ನಿವೃತ್ತ ಅಧಿಕಾರಿಗಳ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ಅವರು, ಕೂಲಿಕಾರರಿಗೆ ಬೇಸಿಗೆಯಲ್ಲಿ ಹೊತ್ತು ಬದಲಿಸಿ, ನೆರಳು ಮಾಡಿ, ನೀರಿಡಿ ಎಂಬ ನನ್ನ ಸಲಹೆಯನ್ನು “ಜನರನ್ನು ಮೆತ್ತಗೆ ಮಾಡುವ ಮಾತು” ಎಂದಿದ್ದಾರೆ. ಕಲಬುರಗಿ ವಿಭಾಗದ ಜೊತೆಗೆ ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿನ ಕಾರಣಕ್ಕೇ ಸರಕಾರ ಹೊರಡಿಸುವ ಆದೇಶ ಅದು, ಸರಿಯಾದ ಆದೇಶ. ಉದ್ಯೋಗ ಖಾತರಿ ಕೆಲಸದಲ್ಲೂ ಬೇಸಿಗೆಗೆಂದು ಅಳತೆಯಲ್ಲಿ ರಿಯಾಯಿತಿ ಕೊಟ್ಟದ್ದುಂಟು. ಭಟ್ಟಿಗೆ, ಖಾಸಗಿ ಕಟ್ಟಡದ ಕೆಲಸಕ್ಕೆ, ಹೊಲದ ಗುತ್ತಿಗೆಗೆ ಅಂಥ ಗಡಿಯಾರವಿಲ್ಲ. ಸೇವೆಯಲ್ಲಿದ್ದಷ್ಟು ವರ್ಷವೂ ಫ್ಯಾನಿನ ಕೆಳಗೆ ಕೂತು, ಒಂದೂವರೆಗೆ ಬಾಗಿಲು ಹಾಕಿಸಿ ಮನೆಗೆ ಹೋಗಿ ಉಂಡು ಮಲಗಿದವರು ತಾವು ಮೆತ್ತಗಾದೆವು ಎಂದು ಆ ಆದೇಶವನ್ನು ಒಂದು ಬೇಸಿಗೆಯಲ್ಲಾದರೂ ವಾಪಸು ಮಾಡಿದ್ದರೇ? ಅವರ ಮುಂದಿನ ಪತ್ರದಲ್ಲಿ ಇದಕ್ಕೆ ಉತ್ತರ ಬರೆದರೆ ಮಿಕ್ಕ ವಿಷಯಗಳ ಚರ್ಚೆಯನ್ನು ಮುಂದುವರಿಸೋಣ.